ಜೀಪಿನ 'ಟಕ್' ಎಲ್ಲಿಂದ ಬಂತು?



ಭಾಷೆ ಕಲಿಸುವ ಮೇಷ್ಟರಿಗೆ ಜೀಪಿನ ಹೌಸಿಂಗ್ ಜೊತೆ ಏನು ಕೆಲಸ ಎಂದು ಕೆಲವರು ನಗಬಹುದು. ಆದರೆ ಈ ವಿಷಯ ಅರ್ಧ ವ್ಯಾಕರಣದ್ದೇ. ಟಕ್, ಧಡ್, ಕಿಚಕಿಚ, ಗುಂಯ್ ಎನ್ನುವುದನ್ನು ನೀವು ಅನುಕರಣಾವ್ಯಯ ಎಂದು ಓದಿದ್ದೀರಿ. ಗ್ಯಾರೇಜಿನಲ್ಲಿ ಅವೇ ರೋಗಲಕ್ಷಣ. 'ಹಿಂದಿನಿಂದ ಏನೋ ಶಬ್ದ ಬರುತ್ತದೆ' ಎಂದರೆ ಸಾಲದು. ಯಾವ ಶಬ್ದ, ಯಾವಾಗ ಎಂದು ಹೇಳಬೇಕು. ಹೇಳಲು ಬಾರದಿದ್ದರೆ ಕ್ರೌನ್-ಪಿನಿಯನ್ ಬದಲಾಯಿಸಿದ ದೊಡ್ಡ ಬಿಲ್ಲು ಕೈಗೆ ಬಂದೀತು, ಶಬ್ದ ಹಾಗೆಯೇ ಉಳಿದೀತು. ಕೊಡಗು, ಚಿಕ್ಕಮಗಳೂರಿನ ಗುಡ್ಡದ ದಾರಿಗಳಲ್ಲಿ ಬಾಡಿಗೆ ಜೀಪು ಓಡಿಸಿ ಸಂಸಾರ ನಡೆಸುವವರಿಗೆ ಅದು ಸಣ್ಣ ಪೆಟ್ಟಲ್ಲ.

ಗೇರ್‌ಬಾಕ್ಸಿನಿಂದ ಟ್ರಾನ್ಸ್‌ಫರ್ ಕೇಸ್, ಅಲ್ಲಿಂದ ಪ್ರೊಪೆಲರ್ ಶಾಫ್ಟ್, ಡಿಫರೆನ್ಷಿಯಲ್, ಆಕ್ಸಲ್, ಚಕ್ರ. ಶಕ್ತಿ ಹೋಗುವ ದಾರಿ ಇದು. ಪ್ರತಿ ಜೋಡಣೆಯಲ್ಲೂ ಒಂದಿಷ್ಟು ಸಡಿಲ ಇದ್ದೇ ಇರುತ್ತದೆ. ಸವೆದಂತೆ ಎಲ್ಲ ಸಡಿಲವೂ ಸೇರಿ, ಕ್ಲಚ್ ಬಿಟ್ಟ ಕ್ಷಣದಲ್ಲಿ 'ಟಕ್' ಎನ್ನುತ್ತದೆ. ಆದ್ದರಿಂದ ಅಗ್ಗದ್ದನ್ನು ಮೊದಲು ನೋಡಿ, ಹೌಸಿಂಗ್ ಬಿಚ್ಚುವುದು ಕೊನೆಗೆ.

ನಿಧಾನವಾಗಿ ಹೋಗುವಾಗ ಗುಬ್ಬಿಯಂತೆ ಕಿಚಕಿಚ, ವೇಗಕ್ಕೆ ತಕ್ಕಂತೆ ಅದೂ ಚುರುಕಾಗುತ್ತದೆ ಎಂದಾದರೆ ಮೊದಲ ಅನುಮಾನ ಯುನಿವರ್ಸಲ್ ಜಾಯಿಂಟಿನ ಮೇಲೆ. ನಮ್ಮ ಮೆಕ್ಯಾನಿಕ್‌ಗಳು ಅದನ್ನು 'ಕ್ರಾಸ್' ಎನ್ನುತ್ತಾರೆ. ಒಳಗಿನ ನೀಡಲ್ ಬೇರಿಂಗ್ ಒಣಗಿರುತ್ತದೆ, ಕಪ್ಪಿನ ಅಂಚಿನಲ್ಲಿ ತುಕ್ಕಿನ ಬಣ್ಣದ ಪುಡಿ ಕಾಣುತ್ತದೆ. ಇದನ್ನು ಮುಂದಕ್ಕೆ ಹಾಕಬೇಡಿ. ಓಡುವಾಗ ಶಾಫ್ಟಿನ ಮುಂದಿನ ತುದಿ ಕಳಚಿ ನೆಲಕ್ಕೆ ಚುಚ್ಚಿದರೆ ಗಾಡಿಯೇ ಮಗುಚಬಹುದು.

ಬ್ರೇಕ್ ಹಾಕಿ ಗಾಡಿ ನಿಂತ ಮೇಲೆ ಒಂದೇ ಒಂದು 'ಟಕ್' ಬಂದರೆ ಸ್ಲಿಪ್ ಜಾಯಿಂಟ್ ನೋಡಿ. ಎಷ್ಟೋ ಸಲ ಗ್ರೀಸಿನಲ್ಲೇ ಮುಗಿಯುತ್ತದೆ. ಬಿಚ್ಚುವ ಮೊದಲು ಎರಡೂ ಭಾಗಕ್ಕೆ ಗುರುತು ಹಾಕಿ. ಒಂದು ಹಲ್ಲು ಆಚೀಚೆ ಕೂರಿಸಿದರೂ ನಡುಕ ಶುರುವಾಗುತ್ತದೆ. ಇಂಜಿನ್ ಮೌಂಟ್, ಪಟ್ಟಿಯ ಯು-ಬೋಲ್ಟು ಇವನ್ನೂ ಅಲುಗಿಸಿ ನೋಡಿ. ಆಕ್ಸಲರೇಟರ್ ಒತ್ತಿದಾಗ, ಬಿಟ್ಟಾಗ 'ಗುಂಯ್' ಸ್ವರ ಬದಲಾದರೆ ಮಾತ್ರ ಪಿನಿಯನ್ ಬೇರಿಂಗು, ಹಲ್ಲುಗಳತ್ತ ಹೋಗಿ.

ಇನ್ನು ಲಾಕರ್. ಸಾಮಾನ್ಯ ಡಿಫರೆನ್ಷಿಯಲ್‌ನಲ್ಲಿ ಒಂದು ಚಕ್ರ ಕೆಸರಲ್ಲಿ ಸುತ್ತಿದರೆ ಇನ್ನೊಂದು ಸುಮ್ಮನೆ ನಿಲ್ಲುತ್ತದೆ. ಲಾಕರ್ ಎರಡನ್ನೂ ಜೊತೆಗೆ ಕಟ್ಟುತ್ತದೆ. ಮಹೀಂದ್ರಾ ಥಾರ್‌ಗೆ 2015ರಲ್ಲಿ ಬಂದ ಈಟನ್ ಕಂಪನಿಯ ಲಾಕರ್‌ಗೆ ಸ್ವಿಚ್ಚಿಲ್ಲ. ಹಿಂದಿನ ಎರಡು ಚಕ್ರಗಳ ನಡುವೆ ನಿಮಿಷಕ್ಕೆ ಸುಮಾರು 100 ಸುತ್ತಿನ ವ್ಯತ್ಯಾಸ ಬಂದಾಗ ತಾನೇ ಕಚ್ಚಿಕೊಳ್ಳುತ್ತದೆ. ಗಂಟೆಗೆ ಸುಮಾರು 30 ಕಿ.ಮೀ. ವೇಗ ದಾಟಿದರೆ ಕಚ್ಚುವುದಿಲ್ಲ. ಕಚ್ಚುವಾಗ 'ಧಡ್' ಎನ್ನುವುದು ಅದರ ಸ್ವಭಾವ, ರೋಗವಲ್ಲ. ಡೆಟ್ರಾಯಿಟ್ ಲಾಕರ್ ತಿರುವಿನಲ್ಲಿ ಟಿಕ್ ಟಿಕ್ ಎನ್ನುವುದೂ ಹಾಗೆಯೇ. ಆಸ್ಟ್ರೇಲಿಯಾದ ಎಆರ್‌ಬಿ ಲಾಕರ್ ಗಾಳಿಯಿಂದ ಕೆಲಸ ಮಾಡುತ್ತದೆ. ಅದರ ಕಂಪ್ರೆಸರ್ ಪದೇ ಪದೇ ಓಡಿದರೆ ಗಾಳಿ ಸೋರುತ್ತಿದೆ ಎಂದರ್ಥ, ನಳಿಕೆಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಹುಡುಕಿ. ಒಣ ಡಾಂಬರಿನ ಮೇಲೆ ಫೋರ್ ವೀಲ್ ಹಾಕಿ ಓಡಿಸಿ, ಲಿವರ್ ಬರುತ್ತಿಲ್ಲ ಎಂದು ಲಾಕರನ್ನು ಬೈಯುವವರೂ ಇದ್ದಾರೆ. ತಿರುಚಿಕೊಂಡಿರುವುದು ಶಾಫ್ಟುಗಳು. ನಾಲ್ಕು ಅಡಿ ರಿವರ್ಸ್ ಬಂದರೆ ಸಾಮಾನ್ಯವಾಗಿ ಬಿಡುತ್ತದೆ.

ಒಂದು ಪರೀಕ್ಷೆಯ ಬಗ್ಗೆ ಎಚ್ಚರದಿಂದ ಕೇಳಿ. ಇಂಜಿನ್ ಆರಿಸಿ, ಗೇರಿನಲ್ಲಿಟ್ಟು, ಹಿಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡಿನ ಮೇಲಿಟ್ಟು ಒಂದನ್ನು ಕೈಯಿಂದ ತಿರುಗಿಸಿದರೆ ಇನ್ನೊಂದು ವಿರುದ್ಧ ದಿಕ್ಕಿಗೆ ತಿರುಗುತ್ತದೆ. ಥಾರ್‌ನಲ್ಲಿ ಹೀಗಾದರೆ ಲಾಕರ್ ಕೆಟ್ಟಿದೆ ಎಂದಲ್ಲ. ಕೈಯ ವೇಗ ಅದಕ್ಕೆ ಸಾಲದು. ಇದನ್ನರಿಯದೆ ಒಂದು ಚಕ್ರವನ್ನಷ್ಟೇ ಜಾಕಿಗೆ ಎತ್ತಿ ಇಂಜಿನ್ ಓಡಿಸಿದರೆ, ಲಾಕರ್ ಕಚ್ಚಿದ ಕ್ಷಣ ನೆಲದ ಮೇಲಿನ ಚಕ್ರ ಗಾಡಿಯನ್ನು ಜಾಕಿಯಿಂದ ಹಾರಿಸುತ್ತದೆ. ಕೆಳಗೆ ಮಲಗಿದವನ ಗತಿ ಹೇಳಬೇಕಿಲ್ಲ. ಹಳೆಯ ವಿಲ್ಲೀಸ್ ಮಾದರಿ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕ್ ಟ್ರಾನ್ಸ್‌ಫರ್ ಕೇಸಿನ ಹಿಂದಿರುತ್ತದೆ. ಹಿಂದಿನ ಶಾಫ್ಟ್ ಬಿಚ್ಚಿದರೆ ಆ ಬ್ರೇಕ್ ಹಿಂಚಕ್ರಗಳನ್ನು ಹಿಡಿಯುವುದಿಲ್ಲ. ಚಕ್ರಕ್ಕೆ ಕಲ್ಲು ಕೊಡದೆ ಕೆಳಗೆ ನುಗ್ಗಬೇಡಿ.

ಕೊನೆಗೆ ಹೌಸಿಂಗಿನ ಆಯಿಲ್. ಮಳೆಗಾಲದಲ್ಲಿ ಹಳ್ಳ ದಾಟಿದ ಜೀಪಿನ ಆಯಿಲ್ ಹಾಲಿನಂತಾಗಿದ್ದರೆ ನೀರು ಸೇರಿದೆ. ಬದಲಾಯಿಸಿ, ಬ್ರೀದರ್ ಕಟ್ಟಿದೆಯೇ ನೋಡಿ. ಡ್ರೈನ್ ಪ್ಲಗ್ಗಿನ ಅಯಸ್ಕಾಂತಕ್ಕೆ ತೆಳುವಾಗಿ ಬೂದು ಪೇಸ್ಟ್ ಅಂಟಿದ್ದರೆ ಅದು ಸಹಜ ಸವೆತ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಹೌಸಿಂಗ್ ಬಿಚ್ಚಿ.