ಬಸುರಿಯ ಬಟ್ಟಲು, ಕೂಸಿನ ಮೆದುಳು

ನಮ್ಮ ಹಲಗೇರಿ ಸೀಮೆಯಲ್ಲಿ ಬಸುರಿಗೆ ಕುಬಸ ಮಾಡುವುದೆಂದರೆ ಮನೆಗೆಲ್ಲ ಹಬ್ಬ. ಹಸಿರು ಸೀರೆ, ಹಸಿರು ಬಳೆ, ಬಗೆಬಗೆಯ ಅಡಿಗೆ. ಅವಳು ಬಯಸಿದ್ದನ್ನು ಇಲ್ಲವೆನ್ನಬಾರದೆಂಬುದು ಹಿರಿಯರ ಮಾತು. ಆದರೆ ಇಲ್ಲವೆನ್ನಲೇಬೇಕಾದ ವಸ್ತು ಒಂದುಂಟು. ಅದೇ ಮದ್ಯ.

"ನಮ್ಮ ಹೆಣ್ಣುಮಕ್ಕಳಿಗೇಕೆ ಈ ಮಾತು?" ಎಂದು ಕೆಲವರು ಕೇಳಿಯಾರು. 2007ರ ಜುಲೈ 1ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ಮಾರಾಟ ನಿಂತಿತು, ನಿಜ. ಮದ್ಯವೇನೂ ನಿಲ್ಲಲಿಲ್ಲ. ದುಡಿದು ದಣಿದವಳು ಮೈಕೈನೋವಿಗೆಂದು ಕುಡಿಯುವ ಗುಟುಕು, ಶೀತಕ್ಕೆಂದು ಹಿರಿಯರು ಕೊಡುವ ಬ್ರಾಂದಿ, ಪಟ್ಟಣದ ಔತಣದ ವೈನು, ಹೊಟ್ಟೆಯೊಳಗಿನ ಕೂಸಿಗೆ ಇವೆಲ್ಲವೂ ಒಂದೇ.

ತಾಯಿ ಕುಡಿದದ್ದು ಮಾಸನ್ನು ದಾಟಿ ಕೂಸಿನ ರಕ್ತಕ್ಕೆ ಸೇರುತ್ತದೆ. ಕೂಸಿನ ಯಕೃತ್ತು ಇನ್ನೂ ಎಳೆಯದು. ಆ ವಿಷವನ್ನು ಬೇಗನೆ ಕಳೆದುಕೊಳ್ಳುವ ಶಕ್ತಿ ಅದಕ್ಕಿಲ್ಲ. ಅದೇ ಹೊತ್ತಿಗೆ ಮೆದುಳು ಬೆಳೆಯುತ್ತಿರುತ್ತದೆ. ಅದರೊಡನೆ ಕೂದಲಿಗಿಂತ ಸಣ್ಣ ರಕ್ತನಾಳಗಳೂ ಸಾಲುಸಾಲಾಗಿ ಇಳಿಯುತ್ತಿರುತ್ತವೆ. ಕಾಲುವೆ ತುಂಬಿ ಹರಿದರೂ ಹೊಲಗಾಲುವೆ ಸೊಟ್ಟಗಾದರೆ ಪೈರಿಗೆ ನೀರು ಮುಟ್ಟದೆಂಬುದು ನಮ್ಮ ರೈತರಿಗೆ ಗೊತ್ತು. 2012ರಲ್ಲಿ ಫ್ರಾನ್ಸಿನ ರೂವಾಂ ನಗರದ ಸಂಶೋಧಕರು ಇಲಿಮರಿಗಳಲ್ಲಿಯೂ, ಮದ್ಯದಿಂದ ಬಾಧಿತವಾದ ಮಾನವ ಭ್ರೂಣಗಳಲ್ಲಿಯೂ ಮೆದುಳಿನ ಈ ನಾಳಗಳ ಸಾಲು ಕೆಟ್ಟಿರುವುದನ್ನು ಕಂಡರು. ನಾಳಗಳು ರಕ್ತ ಒಯ್ಯುವುದಷ್ಟೇ ಅಲ್ಲ, ಎಳೆಯ ಜೀವಕೋಶಗಳಿಗೆ ದಾರಿಯನ್ನೂ ತೋರುತ್ತವೆ. ದಾರಿ ತಪ್ಪಿದರೆ ಮನೆ ಕಟ್ಟುವುದೆಲ್ಲಿ?

ಇಂಥ ಮಕ್ಕಳನ್ನು ಕುರಿತು 1968ರಲ್ಲಿ ಫ್ರಾನ್ಸಿನ ಡಾ. ಲೆಮ್ವಾನ್ ಬರೆದರು, 1973ರಲ್ಲಿ ಅಮೆರಿಕದ ಜೋನ್ಸ್ ಮತ್ತು ಸ್ಮಿತ್ ಈ ದೋಷಕ್ಕೆ ಹೆಸರಿಟ್ಟರು. ಶಾಲೆಯಲ್ಲಿ ಪಾಠ ಹತ್ತದ, ಒಂದೆಡೆ ಕೂಡಲಾರದ ಮಗುವನ್ನು ನಾವು ಸೋಮಾರಿ, ಹಟಮಾರಿ ಎನ್ನುತ್ತೇವೆ. ಕೆಲವು ಮಕ್ಕಳಲ್ಲಿ ಅದರ ಬೇರು ಬಸಿರಿನಲ್ಲಿಯೇ ಇದ್ದೀತು. ಆದ ಹಾನಿಯನ್ನು ಅಳಿಸುವ ಮದ್ದಿಲ್ಲ. ಆಗದಂತೆ ತಡೆಯುವುದು ಮಾತ್ರ ಪೂರಾ ನಮ್ಮ ಕೈಯಲ್ಲಿದೆ.

ಇಷ್ಟು ಕುಡಿದರೆ ಅಪಾಯವಿಲ್ಲ ಎಂಬ ಅಳತೆ ಯಾವ ತಿಂಗಳಲ್ಲಿಯೂ ಇಲ್ಲ. ತಿಳಿಯದೆ ಕುಡಿದಿದ್ದರೆ ಎದೆಗುಂದಬೇಡಿ. ಬಿಟ್ಟ ದಿನದಿಂದಲೇ ಕೂಸಿಗೆ ಲಾಭ. ಆಶಾ ಕಾರ್ಯಕರ್ತೆಯೊಡನೆ, ವೈದ್ಯರೊಡನೆ ಮುಚ್ಚಿಡದೆ ಹೇಳಿರಿ. ದಿನಾ ಕುಡಿವ ಚಟವಿದ್ದರೆ ಒಮ್ಮೆಲೆ ಬಿಡುವುದೂ ಅಪಾಯ. ವೈದ್ಯರ ನೆರವಿನಿಂದಲೇ ಬಿಡಬೇಕು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ನಮಗೆ ದೂರವೇನಲ್ಲ.

ಗಂಡಸರಿಗೊಂದು ಮಾತು. ಒಂಬತ್ತು ತಿಂಗಳು ಮನೆಯೊಳಗೆ ಬಾಟಲಿ ತರಬೇಡಿರಿ. ಹುಟ್ಟುವ ಕೂಸಿಗೆ ತಂದೆ ಕೊಡುವ ಮೊದಲ ಉಡುಗೊರೆ ಅದೇ ಆಗಲಿ.