ಮಾರಲ್ಲ, ಗುತ್ತಿಗೆಗೆ ಕೊಡ್ತೀವಿ

ಇವತ್ತು ಒಂದು ಪ್ರಶ್ನೆಯಿಂದ ಶುರು ಮಾಡ್ತೀನಿ. ಎಷ್ಟೇ ದುಡ್ಡು ಕೊಡ್ತೀವಿ ಅಂದ್ರೂ ನೀವು ಬಿಟ್ಟುಕೊಡದೇ ಇರೋದು ಯಾವುದು?

ಥಟ್ಟಂತ ಉತ್ತರ ಬರಲ್ಲ. ಯಾಕಂದ್ರೆ ‘ಮೌಲ್ಯ’ ಅಂದ ತಕ್ಷಣ ನಮಗೆ ನೆನಪಾಗೋದು ಶಾಲೆಯ ಗೋಡೆ ಮೇಲಿನ ಬರಹ. ಸತ್ಯ, ಪ್ರಾಮಾಣಿಕತೆ, ದಯೆ. ಇದನ್ನ ಬೇಡ ಅನ್ನೋರು ಯಾರಿದ್ದಾರೆ? ಎಲ್ಲರೂ ಹೌದು ಅನ್ನೋ ಮಾತಿನಿಂದ ಯಾರ ಮನಸ್ಸೂ ತಿಳಿಯೋದಿಲ್ಲ. ನಮ್ಮ ಮೌಲ್ಯ ಏನು ಅಂತ ನಮಗೇ ಗೊತ್ತಾಗೋದು ಯಾರಾದ್ರೂ ಮನೆ ಬಾಗಿಲಿಗೆ ಬಂದು ಅದಕ್ಕೊಂದು ಬೆಲೆ ಕಟ್ಟಿದಾಗ.

ಪಾವಗಡದಲ್ಲಿ ಹಾಗೇ ಆಯ್ತು.

ತುಮಕೂರು ಜಿಲ್ಲೆಯ ಭೂಪಟ ತೆಗೆದು ನೋಡಿ. ಪಾವಗಡಕ್ಕೆ ಮೂರು ದಿಕ್ಕಿಗೂ ಆಂಧ್ರ. ಕಾಗದಪತ್ರ ಕನ್ನಡದಲ್ಲಿ, ಎಷ್ಟೋ ಮನೆಯ ಮಾತು ತೆಲುಗಿನಲ್ಲಿ. ಮಳೆ ಕಡಿಮೆ, ಕೊಳವೆಬಾವಿಯ ನೀರಲ್ಲಿ ಫ್ಲೋರೈಡ್. ಬೆಳೆ ಅಂದ್ರೆ ಮುಖ್ಯವಾಗಿ ಕಡ್ಲೆಕಾಯಿ, ಅದೂ ಮಳೆ ಬಂದ್ರೆ. ಅಲ್ಲಿ ಧಾರಾಳವಾಗಿ ಸಿಗ್ತಿದ್ದದ್ದು ಬಿಸಿಲು ಮಾತ್ರ. ಆ ಬಿಸಿಲನ್ನ ಹುಡುಕಿಕೊಂಡೇ ಸರ್ಕಾರ ಬಂತು. 2015ರಲ್ಲಿ ಕರ್ನಾಟಕ ಸೌರ ವಿದ್ಯುತ್ ಅಭಿವೃದ್ಧಿ ನಿಗಮ ಹುಟ್ಟಿತು. ತಿರುಮಣಿ, ಬಳಸಮುದ್ರ, ಕ್ಯಾತಗಾನಚರ್ಲು, ವಳ್ಳೂರು, ರಾಯಚರ್ಲು ಅನ್ನೋ ಐದು ಹಳ್ಳಿಗಳ ಸುಮಾರು 13,000 ಎಕರೆ ಬೇಕಾಗಿತ್ತು.

ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ಏನಾಗುತ್ತೆ ಅಂತ ನಿಮಗೆ ಗೊತ್ತು. ನೋಟಿಸ್, ಭೂಸ್ವಾಧೀನ, ಪರಿಹಾರದ ಚೆಕ್ಕು, ಆಮೇಲೆ ವರ್ಷಗಟ್ಟಲೆ ಕೋರ್ಟು. ಇಲ್ಲಿ ಹಾಗಾಗಲಿಲ್ಲ. ಜಮೀನು ರೈತರ ಹೆಸರಲ್ಲೇ ಉಳೀತು. ಗುತ್ತಿಗೆ ಅಷ್ಟೇ. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ. ಐದು ಎಕರೆ ಇದ್ದೋರಿಗೆ ವರ್ಷಕ್ಕೆ 1,05,000. ಮಳೆ ಬಂದ್ರೂ ಬರುತ್ತೆ, ಬಾರದಿದ್ರೂ ಬರುತ್ತೆ. 2018ರ ಮಾರ್ಚ್‌ನಲ್ಲಿ ‘ಶಕ್ತಿಸ್ಥಳ’ ಉದ್ಘಾಟನೆ ಆಯ್ತು. 2019ರ ಕೊನೆಗೆ 2,050 ಮೆಗಾವ್ಯಾಟ್ ಪೂರ್ತಿಯಾಯ್ತು.

ಈ ಒಪ್ಪಂದದಲ್ಲಿರೋ ಜಾಣತನ ಗಮನಿಸಿ. ‘ಜಮೀನು’ ಅನ್ನೋ ಒಂದೇ ಪದದೊಳಗೆ ಎರಡು ವಿಷಯ ಇತ್ತು. ಒಂದು, ಜಮೀನಿನಿಂದ ಬರೋ ಆದಾಯ. ಇನ್ನೊಂದು, ಪಹಣಿಯಲ್ಲಿರೋ ಹೆಸರು, ಅಪ್ಪ-ತಾತನಿಂದ ಬಂದು ಮಕ್ಕಳಿಗೆ ಹೋಗಬೇಕಾದ್ದು. ಮೊದಲನೆಯದರ ಬಗ್ಗೆ ಮಾತಾಡಬಹುದು, ಚೌಕಾಸಿ ಮಾಡಬಹುದು. ಎರಡನೆಯದು ಮಾರಾಟಕ್ಕಿಲ್ಲ. ಆ ಎರಡನ್ನೂ ಬಿಡಿಸಿ ಇಟ್ಟ ಮೇಲೆ ಮಾತುಕತೆ ಸಲೀಸಾಯ್ತು.

ನಾನು ಇಂಜಿನಿಯರಿಂಗ್ ಓದಿದವನು, ಒಂದು ಸಣ್ಣ ವಿಷಯ ಹೇಳ್ತೀನಿ. ಸೋಲಾರ್ ಫಲಕದಲ್ಲಿ ಹುಟ್ಟೋದು ಡಿಸಿ ಕರೆಂಟು. ನಮ್ಮ ಗ್ರಿಡ್ ಓಡೋದು ಎಸಿಯಲ್ಲಿ. ಮಧ್ಯದಲ್ಲಿ ಇನ್ವರ್ಟರ್ ಇಲ್ಲದಿದ್ರೆ 13,000 ಎಕರೆ ಫಲಕ ಹಾಸಿದ್ರೂ ಅದರ ಒಂದು ಯೂನಿಟ್ಟೂ ನಿಮ್ಮ ಮನೆ ಬಲ್ಬಿಗೆ ಬರಲ್ಲ. ಮನಸ್ಸಿನಲ್ಲಿರೋದೂ ಹಾಗೇ. ‘ನನ್ನ ಸಂಕಟ ಅವರಿಗೇ ಅರ್ಥ ಆಗಬೇಕಿತ್ತು’ ಅಂತ ಕೂತ್ರೆ ಆಗಲ್ಲ. ಎದುರಿಗಿರೋರು ಯಾವ ಭಾಷೆಯಲ್ಲಿ ಕೇಳಿಸಿಕೊಳ್ತಾರೋ ಆ ಭಾಷೆಗೆ ಅದನ್ನ ಬದಲಾಯಿಸಿ ಕೊಡಬೇಕು. ‘ಭೂಮಿ ನಮ್ಮ ತಾಯಿ’ ಅಂದ್ರೆ ಅಧಿಕಾರಿಯ ಕಡತದಲ್ಲಿ ಅದಕ್ಕೆ ಕಾಲಂ ಇಲ್ಲ. ‘ಮಾರಲ್ಲ, ಗುತ್ತಿಗೆಗೆ ಕೊಡ್ತೀವಿ, ಇಷ್ಟು ವರ್ಷ, ಇಷ್ಟು ದುಡ್ಡು’ ಅಂದ್ರೆ ಕಾಲಂ ಇದೆ. ತಾಯಿ ಅನ್ನೋ ಮಾತಿನ ತೂಕ ಹಾಗೇ ಉಳಿದಿದೆ, ಬದಲಾದದ್ದು ಅದನ್ನ ಹೇಳಿದ ರೀತಿ.

ಹಾಗಂತ ಪಾವಗಡದಲ್ಲಿ ಎಲ್ಲರ ಮಾತೂ ಕೇಳಿಸ್ತಾ? ಇಲ್ಲ. ಇದನ್ನ ಹೇಳದೆ ಮುಂದೆ ಹೋಗೋ ಹಾಗಿಲ್ಲ. ಗುತ್ತಿಗೆ ಹಣ ಬರೋದು ಪಹಣಿಯಲ್ಲಿ ಹೆಸರಿದ್ದೋರಿಗೆ. ಅದೇ ಹೊಲದಲ್ಲಿ ಕಳೆ ಕಿತ್ತು, ಕಡ್ಲೆಕಾಯಿ ಬಿಡಿಸಿ ಕೂಲಿ ತಗೊಳ್ತಿದ್ದ ಹೆಣ್ಣುಮಕ್ಕಳ ಹೆಸರು ಪಹಣಿಯಲ್ಲಿ ಎಲ್ಲಿದೆ? ಕುರಿ ಮೇಯಿಸ್ತಿದ್ದೋರ ಹೆಸರು ಎಲ್ಲಿದೆ? ಹೊಲಕ್ಕೆ ಬೇಲಿ ಬಿತ್ತು, ಕೂಲಿ ಹೋಯ್ತು, ಮೇವು ಹೋಯ್ತು. ಎಕರೆಗೆ 21,000 ಅನ್ನೋ ಲೆಕ್ಕದಲ್ಲಿ ಅವರ ಪಾಲು ಸೊನ್ನೆ. ಅವರಿಗೂ ಬಿಟ್ಟುಕೊಡಲಾಗದ್ದು ಒಂದಿತ್ತು: ಊರಲ್ಲೇ ಕೆಲಸ, ಊರಲ್ಲೇ ಬದುಕು. ಅವರು ಸ್ಪಷ್ಟವಾಗಿ ಮಾತಾಡಲಿಲ್ಲ ಅಂತ ತಪ್ಪು ಅವರ ಮೇಲೆ ಹಾಕಬೇಡಿ. ಮಾತಾಡೋಕೆ ಮೇಜಿನ ಮುಂದೆ ಕುರ್ಚಿ ಬೇಕಲ್ಲ? ಸ್ಪಷ್ಟ ಸಂವಹನ ಅಂದ್ರೆ ಬಾಯಿ ಇದ್ದೋರು ಚೆನ್ನಾಗಿ ಮಾತಾಡೋದಷ್ಟೇ ಅಲ್ಲ, ಯಾರು ಇನ್ನೂ ಮಾತಾಡಿಲ್ಲ ಅಂತ ಕೇಳೋದೂ ಹೌದು.

ಇನ್ನು ಕೊರಟಗೆರೆಗೆ ಬನ್ನಿ. ಎತ್ತಿನಹೊಳೆ ಯೋಜನೆಗೆ ಬೈರಗೊಂಡ್ಲು ಜಲಾಶಯದ ಪ್ರಸ್ತಾಪ ಬಂದಾಗ ಮುಳುಗೋ ಜಮೀನು ಕೊರಟಗೆರೆ, ದೊಡ್ಡಬಳ್ಳಾಪುರ ಎರಡೂ ತಾಲ್ಲೂಕಲ್ಲಿ ಇತ್ತು. ಗಡಿ ದಾಟಿದ್ರೆ ಜಮೀನಿನ ದರ ಬೇರೆ. ಕೊರಟಗೆರೆ ರೈತರು ಕೇಳಿದ್ದು ಎರಡೂ ಕಡೆಗೆ ಸಮಾನ ಪರಿಹಾರ. ಇದನ್ನ ‘ಇವರಿಗೆ ಇನ್ನೂ ದುಡ್ಡು ಬೇಕಂತೆ’ ಅಂತ ಬರೆದುಕೊಂಡ್ರೆ ಅರ್ಧ ಮಾತ್ರ ಕೇಳಿಸಿಕೊಂಡ ಹಾಗೆ. ಅವರು ಹೇಳಿದ್ದು ನ್ಯಾಯದ ಮಾತು. ಒಂದೇ ನೀರಲ್ಲಿ ಮುಳುಗೋ ಎರಡು ಹೊಲಕ್ಕೆ ಎರಡು ಬೆಲೆ ಯಾಕೆ ಅನ್ನೋ ಮಾತು.

ಈಗ ಹೊಲದಿಂದ ಮನೆಗೆ ಬರೋಣ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಸಂಜೆ ಈ ನಾಲ್ಕೂ ತಾಲ್ಲೂಕಿನ ಮನೆಮನೆಯಲ್ಲೂ ಒಂದೇ ಜಗಳ. ಸೈನ್ಸಾ, ಕಾಮರ್ಸಾ, ಡಿಪ್ಲೊಮಾನಾ? ಅಪ್ಪ ‘ನಾವು ಪಟ್ಟ ಕಷ್ಟ ನೀನು ಪಡಬಾರದು’ ಅಂತಾರೆ. ಮಗಳು ‘ನಿಮಗೆ ಅರ್ಥ ಆಗಲ್ಲ ಬಿಡಿ’ ಅಂತ ಬಾಗಿಲು ಹಾಕ್ಕೋತಾಳೆ. ಅಪ್ಪನ ಮನಸ್ಸಲ್ಲಿರೋದು ಸೈನ್ಸ್ ಅಲ್ಲ, ಮಗಳ ಭದ್ರತೆ. ಮಗಳ ಮನಸ್ಸಲ್ಲಿರೋದು ಹಟ ಅಲ್ಲ, ತನ್ನ ಬದುಕನ್ನ ತಾನು ಆರಿಸಿಕೊಳ್ಳಬೇಕು ಅನ್ನೋದು. ಎರಡೂ ಮೌಲ್ಯವೇ. ಎರಡರ ನಡುವೆ ದೊಡ್ಡ ಜಗಳವೇನೂ ಇಲ್ಲ. ಜಗಳ ಇರೋದು ಪಿಯುಸಿ ಅರ್ಜಿಯ ಮೇಲೆ ಮಾತ್ರ.

ಇಂಜಿನಿಯರಿಂಗ್ ಮುಗಿಸಿ ನ್ಯೂಸ್ ಚಾನೆಲ್‌ಗೆ ಸೇರ್ತೀನಿ ಅಂದಾಗ ನಮ್ಮ ಮನೆಯಲ್ಲೂ ಎರಡು ದಿನ ಮೌನ. ಮೂರನೇ ದಿನ ಅಪ್ಪನಿಗೆ ಹೇಳಿದೆ: ಎರಡು ವರ್ಷ ಕೊಡಿ, ಮನೆಗೆ ತಿಂಗಳಿಗೆ ಇಷ್ಟು ಕಳಿಸ್ತೀನಿ, ಆಗದಿದ್ರೆ ಕಂಪನಿ ಸೇರ್ತೀನಿ. ಅಪ್ಪ ಕೇಳಿದ್ದು ಒಂದೇ, ‘ಆ ಎರಡು ವರ್ಷ ಯಾವತ್ತಿಂದ ಲೆಕ್ಕ?’ ಅದೂ ಒಂಥರಾ ಗುತ್ತಿಗೆನೇ ಅನ್ನಿ.

ಹಾಗಾಗಿ ಮನೆಯಲ್ಲಿ, ಆಫೀಸಲ್ಲಿ, ಪಾಲು-ಪಾರೀಕತ್ತಿನ ಪಂಚಾಯ್ತಿಯಲ್ಲಿ ಮಾತಿಗೆ ಕೂರೋ ಮುಂಚೆ ಒಂದು ಹಾಳೆ ತಗೊಳ್ಳಿ. ಕೊಡದೇ ಇರೋದೇನು ಅಂತ ಮೊದಲು ಬರೀರಿ. ಕೊಡಬಹುದಾದ್ದೇನು, ಎಷ್ಟು ದಿನಕ್ಕೆ, ಯಾವ ಷರತ್ತಿಗೆ ಅಂತ ಆಮೇಲೆ ಬರೀರಿ. ಮೊದಲನೇ ಪಟ್ಟಿ ಉದ್ದ ಆಯ್ತು ಅಂದ್ರೆ ಇನ್ನೊಂದು ಸಲ ಯೋಚನೆ ಮಾಡಿ, ಅದರಲ್ಲಿ ಅರ್ಧ ಬರೀ ಪ್ರತಿಷ್ಠೆ ಇರುತ್ತೆ. ಕೊನೆಗೆ, ಎದುರಿಗಿರೋರ ಹಾಳೆಯಲ್ಲಿ ಏನಿದೆ ಅಂತ ಕೇಳಿ. ಹಾಳೆಯೇ ಸಿಗದೆ ಬಾಗಿಲ ಹೊರಗೆ ನಿಂತೋರು ಯಾರಾದ್ರೂ ಇದ್ದಾರಾ ಅಂತಲೂ ನೋಡಿ.