ಟಿಲ್ಲರ್ ಟ್ರೇಲರಿನ ಕಮಾನು ಪಟ್ಟಿ
(ಬೆಳ್ಳಿಹಬ್ಬದ ಸದಸ್ಯರ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘ ಇಪ್ಪತ್ತೈದು ವರ್ಷದಲ್ಲಿ ಏನೇನು ಮಾಡಿತು ಅಂತ ಕಾರ್ಯದರ್ಶಿಗಳು ವರದಿ ಓದಿದ್ದಾರೆ. ನಾವು ನಿರ್ದೇಶಕರು ಮಾಡಿದ ಒಂದು ತಪ್ಪು ಅದರಲ್ಲಿಲ್ಲ. ಅದನ್ನು ನಾವೇ ಹೇಳಬೇಕು.

2019ರ ಕಾಫಿ ಕೊಯ್ಲಿಗೆ, ಸದಸ್ಯರಿಗೆ ಬಾಡಿಗೆಗೆ ಕೊಡಲೆಂದು ಪವರ್ ಟಿಲ್ಲರಿಗೆ ಒಂದು ಟ್ರೇಲರ್ ಮಾಡಿಸಿದೆವು. ಹೆತ್ತೂರು, ಹಾನುಬಾಳು ಕಡೆಯ ತೋಟದ ರಸ್ತೆ ನಿಮಗೆ ಗೊತ್ತೇ ಇದೆ, ಮಳೆಗಾಲ ಕಳೆದರೆ ಬರೀ ಗುಂಡಿ, ಕಲ್ಲು. ಗಟ್ಟಿಯಾಗಿರಲಿ ಅಂತ ಹಳೇ ಲಾರಿಯ ಹಿಂದಿನ ಪಟ್ಟಿಯನ್ನೇ ಹಾಕಿಸಿದೆವು. ಗುಜರಿಯಲ್ಲಿ ಅಗ್ಗಕ್ಕೂ ಸಿಕ್ಕಿತು. ಮೂಟೆ ತುಂಬಿದರೂ ಒಂದು ಚೂರು ಬಗ್ಗಲಿಲ್ಲ. ಭೇಷ್ ಅಂದೆವು. ಬಗ್ಗದ್ದೇ ರೋಗ ಅಂತ ಆಗ ತಿಳಿಯಲಿಲ್ಲ. ಖಾಲಿ ಬರುವಾಗ ಗಾಡಿ ಕುದುರೆ ಹಾಗೆ ನೆಗೆಯುತ್ತಿತ್ತು. ಒಂದು ಸಂಜೆ ಇಳಿಜಾರಿನಲ್ಲಿ ನೆಗೆದ ಏಟಿಗೆ ಮೂಕಿಯ ಬೆಸುಗೆ ಬಿಟ್ಟು ಟ್ರೇಲರ್ ಚರಂಡಿಗೆ ಉರುಳಿತು. ಅದರಲ್ಲಿ ಕೂತಿದ್ದ ಹುಡುಗನ ಕಾಲು ಮುರಿಯಿತು. ಆಸ್ಪತ್ರೆ ಖರ್ಚು ಸಂಘ ಕೊಟ್ಟಿತು, ಆದರೆ ಅವನು ಇವತ್ತಿಗೂ ಕುಂಟುತ್ತಾನೆ.

ಆಮೇಲೆ ಕೂತು ಲೆಕ್ಕ ಹಾಕಿದೆವು. 50 ಕೆ.ಜಿ.ಯ 20 ಚೀಲ ಅಂದರೆ 1000 ಕೆ.ಜಿ. ತೊಟ್ಟಿ, ಚಾಸಿ ಸೇರಿ 300. ಗಾಲಿ, ಅಚ್ಚು ಪಟ್ಟಿಯ ಕೆಳಗಿರುವುದರಿಂದ ಲೆಕ್ಕಕ್ಕಿಲ್ಲ. 1300ರಲ್ಲಿ ಸುಮಾರು ನೂರು ಕೆ.ಜಿ. ಮೂಕಿಯ ಮೂಲಕ ಟಿಲ್ಲರ್ ಹೊರುತ್ತದೆ. ಉಳಿದ 1200 ಎರಡು ಪಟ್ಟಿಗೆ, ಒಂದಕ್ಕೆ 600. ಸ್ವಲ್ಪ ಮೇಲಿರಲಿ ಅಂತ 700ರದ್ದು ಸಾಕು. ನಾವು ಹಾಕಿದ್ದು ಒಂದೊಂದೂ ಮೂರು ಟನ್ನಿಗೂ ಮೇಲೆ ಹೊರುವಂಥದ್ದು! ಅಂದಾಜು ಬೇಡ ಅನ್ನುವವರು ತುಂಬಿದ ಗಾಡಿಯ ಟ್ರೇಲರ್ ಗಾಲಿ ಮಾತ್ರ ವೇ ಬ್ರಿಡ್ಜ್ ಮೇಲೆ ನಿಲ್ಲಿಸಿ ತೂಗಿಸಿ, ಗಾಲಿ-ಅಚ್ಚಿನ ತೂಕ ಕಳೆಯಿರಿ.

ಪಟ್ಟಿಯ ದಪ್ಪದಲ್ಲಿ ಮೋಸ ಹೋಗುವವರೇ ಹೆಚ್ಚು. ಅದೇ ಉದ್ದ, ಅದೇ ಅಗಲದ ಪ್ಲೇಟು ಎರಡರಷ್ಟು ದಪ್ಪ ಆದರೆ ಬಿಗಿ ಎರಡರಷ್ಟಲ್ಲ, ಎಂಟರಷ್ಟು ಆಗುತ್ತದೆ. ಹಾಗಾಗಿ ತೆಳ್ಳನೆಯ ನಾಲ್ಕೈದು ಪ್ಲೇಟೇ ಒಳ್ಳೆಯದು. ತುಂಬು ಹೊರೆಯಲ್ಲಿ ಕಮಾನು ಹೆಚ್ಚುಕಮ್ಮಿ ನೇರ ಆಗಬೇಕು, ಕೆಳಗೆ ಬಾಗಬಾರದು. ಒಂದು ತುದಿ ಗಟ್ಟಿ, ಇನ್ನೊಂದು ತುದಿಗೆ ತೂಗಾಡುವ ಶ್ಯಾಕಲ್ ಇರಲೇಬೇಕು, ಬಗ್ಗಿದಾಗ ಪಟ್ಟಿ ಉದ್ದವಾಗುತ್ತದಲ್ಲ. ಮೊದಲ ಹೊರೆ ಸಾಗಿಸಿದ ಮೇಲೆ ಯು ಬೋಲ್ಟ್ ಮತ್ತೆ ಬಿಗಿಮಾಡಿ. ಸಡಿಲ ಬಿಟ್ಟರೆ ನಡುವಿನ ಬೋಲ್ಟ್ ತುಂಡಾಗಿ ಅಚ್ಚು ಸರಿಯುತ್ತದೆ. ಮುರಿದ ಪ್ಲೇಟಿಗೆ ಬೆಸುಗೆ ಹಾಕಿಸಬೇಡಿ, ಕಾದರೆ ಉಕ್ಕಿನ ಹದ ಹೋಯಿತು.

ಹೇಮಾವತಿ ಹಿನ್ನೀರಿನ ಕಡೆಯ ನೆಂಟರೊಬ್ಬರು ಸಣ್ಣ ದೋಣಿ ಸಾಗಿಸುವ ಗಾಡಿಗೆ ಯಾವ ಪಟ್ಟಿ ಅಂತ ಕೇಳಿದ್ದರು. ಲೆಕ್ಕ ಇದೇ, ಆದರೆ ಹೊರೆ ಹಗುರ, ಪಟ್ಟಿಯೂ ತೆಳ್ಳಗಿರಬೇಕು. ನೀರಿಗಿಳಿಯುವ ಗಾಡಿ, ಪ್ಲೇಟುಗಳ ನಡುವೆ ತುಕ್ಕು ನೋಡುತ್ತಿರಬೇಕು. ತೆಪ್ಪಕ್ಕಾದರೆ ತಲೆಯೇ ಟ್ರೇಲರ್ ಬಿಡಿ.

ಈಗ ಸಂಘದ ಟ್ರೇಲರಿಗೆ ಹೊಸ ಪಟ್ಟಿ ಬಂದಿದೆ. ತೊಟ್ಟಿಯಲ್ಲಿ ಜನ ಕೂರಕೂಡದು ಅಂತ ಠರಾವೂ ಆಗಿದೆ. ಬಾಡಿಗೆ ಪುಸ್ತಕದಲ್ಲಿ ಅದಕ್ಕೆ ಸಹಿ ಮಾಡಿಯೇ ಗಾಡಿ ಒಯ್ಯಬೇಕು, ನಿರ್ದೇಶಕರೂ ಸೇರಿ.